ಹೊಸಿಲಾಚೆ ತಿರುಗಿದ ಗದೆ

ಕಬ್ಬಿಣ ಹಿಡಿದ ಅಂಗೈಗೆ ಒಂದು ವಾಸನೆ ಅಂಟಿಕೊಳ್ಳುತ್ತದೆ. ಸೋಪು ಹಾಕಿ ತಿಕ್ಕಿದರೂ ಸುಲಭಕ್ಕೆ ಬಿಡುವುದಿಲ್ಲ. ಹೋದ ಚಳಿಗಾಲದಲ್ಲಿ ನನ್ನ ಬಲ ಹೆಗಲು ಹಿಡಿದುಕೊಂಡು, ತಲೆ ಬಾಚಿಕೊಳ್ಳಲೂ ಕೈ ಮೇಲೇಳದಂತಾಯಿತು. ಡಾಕ್ಟರು ಮಾತ್ರೆಯ ಜೊತೆಗೆ ವ್ಯಾಯಾಮವನ್ನೂ ಹೇಳಿದರು. ಸದಾಶಿವನಗರದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಒಂದು ಜಿಮ್ ಇದೆ. ಸೊಸೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಟ್ರೇನರ್ ಹುಡುಗ ನನ್ನ ನರೆತ ತಲೆಯನ್ನು ನೋಡಿ ಸ್ವಲ್ಪ ಹೊತ್ತು ಯೋಚಿಸಿ, ಮೂಲೆಯಿಂದ ಹಿಡಿಕೆ ಇರುವ ಒಂದು ಚಿಕ್ಕ ಕಬ್ಬಿಣದ ಗುಂಡು ತಂದು ಮುಂದಿಟ್ಟ. ಇದಕ್ಕೆ ಕೆಟಲ್‌ಬೆಲ್ ಅನ್ನುತ್ತಾರೆ, ತುಮಕೂರಿಗೆ ಈಚೆಗೆ ಬಂದಿದೆ, ಭಯ ಪಡಬೇಡಿ ಆಂಟಿ ಎಂದ.

ನಾನು ಭಯ ಪಡಲಿಲ್ಲ. ಅವನು ಹೇಳಿದಷ್ಟು ಮಾಡಿ ಮನೆಗೆ ಬಂದೆ. ಕಾಫಿ ಲೋಟವನ್ನು ಬಾಯಿಗೆ ತಂದಾಗ ಅಂಗೈಯಿಂದ ಆ ವಾಸನೆ ಬಂತು. ತುಕ್ಕು, ಬೆವರು, ಸ್ವಲ್ಪ ಎಣ್ಣೆ... ಲೋಟ ಕೆಳಗಿಟ್ಟೆ. ಎದ್ದು ಬಾಗಿಲ ತನಕ ಹೋದೆ, ವಾಪಸ್ಸು ಬಂದೆ, ಮತ್ತೆ ಹೋದೆ. ಏನಾಯ್ತಮ್ಮ ಎಂದು ಸೊಸೆ ಅಡುಗೆಮನೆಯಿಂದ ಕೇಳಿದಳು. ಏನೂ ಇಲ್ಲ ಎಂದೆ. ಏನೆಂದು ಹೇಳುವುದು? ನಲವತ್ತು ವರ್ಷಕ್ಕೂ ಹಿಂದೆ ಗುಬ್ಬಿಗೆ ಹೋಗುತ್ತಿದ್ದ ಪ್ಯಾಸೆಂಜರ್ ರೈಲಿನಲ್ಲಿ ನನ್ನ ಎದುರು ಕೂರುತ್ತಿದ್ದ ಒಬ್ಬರು ನೆನಪಾಗಿದ್ದರು.

ಅದು ಎಪ್ಪತ್ತರ ದಶಕದ ಕೊನೆ. ನಾನು ಗುಬ್ಬಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಮನೆ ತುಮಕೂರಿನಲ್ಲಿ, ಅತ್ತೆ ಮಾವನ ಜೊತೆ. ನಮ್ಮ ಯಜಮಾನರಿಗೆ ಆಗ ರಾಯಚೂರಿನ ಕಡೆ ಕೆಲಸ. ಹಬ್ಬಕ್ಕೋ ರಜೆಗೋ ಬಂದು ಹೋಗುತ್ತಿದ್ದರು. ಬೆಳಿಗ್ಗೆಯ ರೈಲಿನಲ್ಲಿ ಗುಬ್ಬಿಗೆ ಹೋಗಿ ಸಂಜೆ ರೈಲೋ ಬಸ್ಸೋ ಸಿಕ್ಕಿದ್ದು ಹತ್ತಿ ಮನೆಗೆ ಬರುವುದು ನನ್ನ ದಿನಚರಿ.

ಆ ವರ್ಷ ಏಳನೇ ತಿಂಗಳಲ್ಲಿ ನನ್ನ ಹೊಟ್ಟೆಯ ಮಗು ಹೋಯಿತು. ಹೆಣ್ಣು ಎಂದರು. ನನಗೆ ತೋರಿಸಲಿಲ್ಲ. ತೋರಿಸಿ ಎಂದು ಕೇಳಬೇಕು ಅಂತ ಆಗ ನನಗೂ ಹೊಳೆಯಲಿಲ್ಲ. ಆಮೇಲೆ ಎಲ್ಲರೂ ಒಂದೇ ಮಾತು ಹೇಳಿದರು: ರೆಸ್ಟ್ ತಗೋ, ಸುಮ್ಮನೆ ಕೂತ್ಕೋ. ಅತ್ತೆ ಒಂದು ಬಿಂದಿಗೆ ನೀರು ಎತ್ತಲೂ ಬಿಡುತ್ತಿರಲಿಲ್ಲ. ಅವರದು ಪ್ರೀತಿಯೇ. ಆದರೆ ನನ್ನಿಂದ ಕೂರಲಾಗುತ್ತಿರಲಿಲ್ಲ. ಕೂತರೆ ಕಾಲು ತಾನಾಗಿ ಅಲ್ಲಾಡುತ್ತಿತ್ತು. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುವಾಗ ಚಾಕ್‌ಪೀಸ್ ಮುರಿದುಹೋಗುತ್ತಿತ್ತು. ರೈಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೂ ಎದ್ದು ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದೆ, ಅಲ್ಲಿಂದ ಮತ್ತೆ ಸೀಟಿಗೆ ಬರುತ್ತಿದ್ದೆ. ಕೈಗಳಿಗಂತೂ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ...

ನಮ್ಮ ಶಾಲೆಗೆ ಹೊಸದಾಗಿ ಬಂದಿದ್ದ ಡ್ರಿಲ್ ಟೀಚರೂ ಅದೇ ರೈಲಿಗೆ ಬರುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮದುವೆ ಆಗಿರಲಿಲ್ಲ. ಎತ್ತರವೇನಿಲ್ಲ, ಆದರೆ ತೋಳು ಗಟ್ಟಿ. ರವಿಕೆಯ ತೋಳನ್ನು ಒಂದು ಬೆರಳು ಸಡಿಲ ಬಿಟ್ಟು ಹೊಲಿಸಿಕೊಳ್ಳುತ್ತಿದ್ದರು. ಹೆಣ್ಣು ನೋಡಲು ಬಂದವರು ಮುಖದ ಬದಲು ತೋಳು ನೋಡಿ ಎದ್ದು ಹೋಗುತ್ತಿದ್ದರು ಎಂದು ಅವರೇ ನಗುತ್ತಾ ಹೇಳುತ್ತಿದ್ದರು. ಹೆಗಲಿಗೆ ಯಾವಾಗಲೂ ಒಂದು ಖಾಕಿ ಚೀಲ, ಅದರ ಬಾಯಿಂದ ಒಂದು ಜೊತೆ ಮರದ ಗದೆಗಳ ಹಿಡಿಗಳು ಇಣುಕುತ್ತಿದ್ದವು. ಗದೆ ಎಂದರೆ ನಾಟಕದ ಭೀಮನ ಗದೆಯಲ್ಲ. ಒಂದು ಮೊಳ ಉದ್ದ, ಬುಡ ದಪ್ಪ, ಹಿಡಿ ಸಣ್ಣ. ಗರಡಿಯಲ್ಲಿ ಪೈಲ್ವಾನರು ಹೆಗಲ ಸುತ್ತ ತಿರುಗಿಸುತ್ತಾರಲ್ಲ, ಅಂಥದು.

ಒಂದು ಬೆಳಿಗ್ಗೆ ಎದ್ದು ಕೂತು ಮಾಡುತ್ತಿದ್ದ ನನ್ನನ್ನು ಅವರು ನೋಡುತ್ತಲೇ ಇದ್ದರು.

"ಮೇಡಂ, ಸುಮ್ನೆ ಕೂತ್ಕೊಳ್ಳೋಕೆ ಆಗ್ತಿಲ್ವಾ?"

ಇವರೂ ಶುರು ಮಾಡಿದರಲ್ಲ ಎಂದುಕೊಂಡು, ಆಗುತ್ತಿಲ್ಲ ಎಂದೆ.

"ಹಂಗಾದ್ರೆ ಕೂತ್ಕೋಬೇಡಿ. ಇದನ್ನ ಹಿಡ್ಕೊಳ್ಳಿ."

ಚೀಲದಿಂದ ಒಂದು ಗದೆ ತೆಗೆದು ನನ್ನ ಎರಡೂ ಕೈಗೆ ಅಡ್ಡವಾಗಿ ಇಟ್ಟರು. ಅದರ ತೂಕ ಕೈಗೆ ಬಂದದ್ದೇ ತಡ, ನನಗೆ ತಡೆಯಲಾರದ ಅಳು ಬಂತು. ಆಸ್ಪತ್ರೆಯಿಂದ ಬಂದ ಮೇಲೆ ಅತ್ತಿದ್ದು ಅದೇ ಮೊದಲು. ಅವರು ಯಾಕೆ ಎಂದು ಕೇಳಲಿಲ್ಲ. ಮುಖ ಕಿಟಕಿಯ ಕಡೆ ತಿರುಗಿಸಿ ಗುಬ್ಬಿ ಬರುವ ತನಕ ಹೊಲ ನೋಡುತ್ತಾ ಕೂತರು. ಇಳಿಯುವಾಗ ಗದೆ ವಾಪಸ್ಸು ಕೇಳಲೂ ಇಲ್ಲ. ನಾನು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಶಾಲೆಯ ತನಕ ನಡೆದೆ.

ಶಾಲೆಯಲ್ಲಿ ಆಟದ ಸಾಮಾನು ಎಂದರೆ ಒಂದು ಹರಿದ ನೆಟ್ಟು, ಗಾಳಿ ನಿಲ್ಲದ ಎರಡು ಬಾಲು. ಡ್ರಿಲ್ ಟೀಚರು ಇದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಎತ್ತಿನ ಗಾಡಿ ಮಾಡುವ ಬಡಗಿಯೊಬ್ಬರನ್ನು ಹಿಡಿದು, ಉಳಿದ ಮರದ ತುಂಡುಗಳಲ್ಲಿ ಮಕ್ಕಳ ಕೈಗೆ ಹಗುರಾದ ಗದೆ ಮಾಡಿಸಿದರು. ಸೈಕಲ್ಲಿನ ಹಳೇ ಟ್ಯೂಬಿಗೆ ಮರಳು ತುಂಬಿ ಎರಡೂ ತುದಿ ಕಟ್ಟಿ ಹೆಗಲ ಮೇಲೆ ಹೊರಿಸಿದರು. ತುಮಕೂರಿನ ಮಂಡಿಪೇಟೆಯಲ್ಲಿ ಅವರ ಸೋದರಮಾವನ ಅಂಗಡಿ ಇತ್ತು. ಸೇರು ಮಣದ ಲೆಕ್ಕ ಹೋಗಿ ಕಿಲೋ ಬಂದ ಮೇಲೆ ಕೆಲಸಕ್ಕೆ ಬಾರದೆ ಮೂಲೆ ಸೇರಿದ್ದ ಕಬ್ಬಿಣದ ಹಳೇ ತೂಕದ ಬಟ್ಟುಗಳನ್ನು ಅಲ್ಲಿಂದ ಹೊತ್ತು ತಂದರು. ಅವುಗಳ ನೆತ್ತಿಯ ಮೇಲೆ ಎತ್ತಲು ಒಂದು ಬಳೆ ಇರುತ್ತಿತ್ತು. ಆ ಬಳೆ ಹಿಡಿದು ಕಾಲುಗಳ ನಡುವಿನಿಂದ ಬೀಸಿ ಎದೆಯ ಮಟ್ಟಕ್ಕೆ ತರುವುದನ್ನು ದೊಡ್ಡ ಹುಡುಗಿಯರಿಗೆ ಕಲಿಸಿದರು. ಸಂಜೆ ಹೊತ್ತಿಗೆ ಎಲ್ಲರ ಅಂಗೈಯೂ ತುಕ್ಕಿನ ವಾಸನೆ ಹೊಡೆಯುತ್ತಿತ್ತು. ನನ್ನದೂ.

ಮಕ್ಕಳೆಲ್ಲ ಹೋದ ಮೇಲೆ, ರೈಲಿಗೆ ಮುಂಚೆ ಸಿಗುವ ಹೊತ್ತಿನಲ್ಲಿ ನನಗೂ ಹೇಳಿಕೊಡುತ್ತಿದ್ದರು. ನಾನು ಗದೆಯನ್ನು ಸಿಟ್ಟಿನಿಂದ ಎಳೆದಾಡಿದಾಗ ತಡೆಯುತ್ತಿದ್ದರು.

"ತೂಕದ ಜತೆ ಜಗಳ ಆಡ್ಬೇಡಿ. ಅದು ಎತ್ಲಾಗೆ ಹೋಗ್ತದೋ ಅತ್ಲಾಗೆ ಒಂದು ಚೂರು ಹೋಗಿ. ಆಮೇಲೆ ನಿಮ್ ಕಡೆ ತಿರುಗಿಸ್ಕೊಳ್ಳಿ."

ಹೀಗೆ ಮಾಡಿದ್ದರಿಂದ ನನ್ನ ಚಡಪಡಿಕೆ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೋಗಲಿಲ್ಲ. ಆದರೆ ಅದಕ್ಕೊಂದು ಕೆಲಸ ಸಿಕ್ಕಿತು. ಕೆಲವು ತಿಂಗಳಲ್ಲಿ ನಾನು ಅವರನ್ನು ಅಕ್ಕ ಎನ್ನತೊಡಗಿದೆ, ಅವರು ನನ್ನನ್ನು ಮೇಡಂ ಎನ್ನುವುದು ಬಿಟ್ಟರು.

ಅವರ ಮನಸ್ಸೂ ನೆಮ್ಮದಿಯಾಗಿರಲಿಲ್ಲ ಎಂದು ತಿಳಿಯಲು ಇನ್ನಷ್ಟು ದಿನ ಬೇಕಾಯಿತು. ಅವರ ಊರು ಕುಣಿಗಲ್. ಅಪ್ಪ ಅಲ್ಲಿ ಗರಡಿ ನಡೆಸುತ್ತಿದ್ದರು. ಊರೆಲ್ಲ ಅವರನ್ನು ಉಸ್ತಾದರು ಎನ್ನುತ್ತಿತ್ತು. ತಾಯಿ ಬೇಗ ತೀರಿಕೊಂಡಿದ್ದರಿಂದ ಈ ಮಗು ಗರಡಿಯ ಮೂಲೆಯಲ್ಲೇ ಮಲಗಿ, ಎಣ್ಣೆ ಅರಿಶಿನ ಕಲಸಿದ ಕೆಂಪು ಮಣ್ಣಿನ ಮಟ್ಟಿಯಲ್ಲೇ ಆಡಿ ಬೆಳೆಯಿತು. ಅಪ್ಪನೇ ಮಗಳ ಕೈಗೆ ಪುಟ್ಟ ಗದೆ ಮಾಡಿಸಿಕೊಟ್ಟು, ಹಿಂದೆ ನಿಂತು ಮೊಣಕೈ ಹಿಡಿದು ತಿರುಗಿಸುವುದನ್ನು ಕಲಿಸಿದ್ದರು. ಮಗಳು ದೊಡ್ಡವಳಾದ ದಿನ ಅದೇ ಅಪ್ಪ ಅವಳನ್ನು ಹೊರಗೆ ಕರೆದುಕೊಂಡು ಬಂದು, ಇನ್ನು ಮೇಲೆ ಈ ಹೊಸಿಲು ದಾಟಬೇಡ ಎಂದರು. ಯಾಕೆ ಎಂದಿದ್ದಕ್ಕೆ ಬಾಗಿಲು ಹಾಕಿಕೊಂಡರು. ಗರಡಿಯ ಬಾಗಿಲು ತಗ್ಗು, ದೊಡ್ಡವರು ಬಗ್ಗಿಯೇ ಹೋಗಬೇಕು. ಆ ತಗ್ಗು ಬಾಗಿಲ ಸಂದಿಗೆ ಕಿವಿ ಕೊಟ್ಟು, ಒಳಗೆ ಗದೆ ತಿರುಗುವ ಸದ್ದಿನಿಂದಲೇ ಯಾರ ಕೈ ಸರಿ, ಯಾರ ಕೈ ತಪ್ಪು ಎಂದು ಕಲಿತೆ ಎಂದು ಅಕ್ಕ ಹೇಳುತ್ತಿದ್ದರು.

ಆಮೇಲೆ ಡ್ರಿಲ್ ಟ್ರೇನಿಂಗ್, ಕೆಲಸ, ತುಮಕೂರಿನ ಚಿಕ್ಕಪೇಟೆಯಲ್ಲಿ ಒಂದು ಬಾಡಿಗೆ ಮನೆ. ಯುಗಾದಿಗೆ, ದೀಪಾವಳಿಗೆ ಊರಿಗೆ ಹೋದರೆ ಅಪ್ಪ ಜಗಲಿಯಲ್ಲಿ ಕೂರಿಸಿಕೊಂಡು ಮಳೆ ಬೆಳೆ ಮಾತಾಡುತ್ತಿದ್ದರು. ಗದೆಯ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಮಗಳು ಶಾಲೆಯಲ್ಲಿ ಏನು ಮಾಡುತ್ತಾಳೆ ಎಂದು ನೋಡಲು ಒಂದು ಸಲವೂ ಗುಬ್ಬಿಗೆ ಬರಲಿಲ್ಲ. ಇದನ್ನು ಹೇಳುವಾಗ ಅಕ್ಕ ಸೀಟಿನಿಂದ ಎದ್ದು ರೈಲಿನ ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದರು. ಅವರು ಬಿಟ್ಟುಹೋದ ಮಾತನ್ನು ನಾನು ಮುಂದುವರಿಸುತ್ತಿರಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಳೆಗಾಲದ ಒಂದು ಮಧ್ಯಾಹ್ನ ಕುಣಿಗಲ್ಲಿನಿಂದ ಒಬ್ಬ ಪೈಲ್ವಾನರು ಶಾಲೆಗೆ ಬಂದರು. ಆಳೆತ್ತರದ ಮನುಷ್ಯ, ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೈ ಕಟ್ಟಿ ನಿಂತು, ಉಸ್ತಾದರಿಗೆ ಲಕ್ವ ಹೊಡೆದಿದೆ, ಬಲಗಡೆ ಪೂರ್ತಿ ಬಿದ್ದುಹೋಗಿದೆ ಎಂದರು. ಅಕ್ಕ ಇದ್ದ ಸೀರೆಯಲ್ಲೇ ಹೊರಟರು. ಆಸ್ಪತ್ರೆಯ ದಿನಗಳು ಮುಗಿದ ಮೇಲೆ ಅಪ್ಪನನ್ನು ಚಿಕ್ಕಪೇಟೆಯ ಮನೆಗೇ ಕರೆತಂದರು. ಕಾರಿನಿಂದ ಇಳಿಸಲು ಶಿಷ್ಯರೇ ಬಂದಿದ್ದರು.

ನಾನು ನೋಡಲು ಹೋದಾಗ ಉಸ್ತಾದರು ಗೋಡೆಗೆ ಒರಗಿ ಕೂತಿದ್ದರು. ಭಾರಿ ಎದೆ, ಒಂದು ಪಕ್ಕಕ್ಕೆ ಇಳಿಬಿದ್ದ ಮೀಸೆ. ಬಲಗೈ ಅಂಗಾತವಾಗಿ ತೊಡೆಯ ಮೇಲೆ ಬಿದ್ದಿತ್ತು. ಯಾರೋ ಮರೆತು ಬಿಟ್ಟುಹೋದ ಸಾಮಾನನ್ನು ನೋಡುವಂತೆ ಅವರು ಅದನ್ನು ನೋಡುತ್ತಿದ್ದರು. ಮಾತು ತೊದಲು. ಯಾರೂ ತುತ್ತು ಕೊಡಕೂಡದು. ಎಡಗೈಯಲ್ಲಿ ತಾವೇ ಕಲಸಿ ಅರ್ಧ ಚೆಲ್ಲಿಕೊಳ್ಳುತ್ತಿದ್ದರು. ಕೈಗೆ ಕೆಲಸ ಕೊಡದಿದ್ದರೆ ಅದು ಬರುವುದೇ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಅಕ್ಕ ಮಕ್ಕಳ ಗದೆಯೊಂದನ್ನು ತಂದು ಆ ಕೈಯಲ್ಲಿಟ್ಟು ಬೆರಳು ಮುಚ್ಚಿದರು. ಅವರು ಎಡಗೈಯಿಂದ ಅದನ್ನು ಕಿತ್ತು ಗೋಡೆಗೆ ಬಿಸುಟರು. ಮಾರನೇ ದಿನವೂ ಅದೇ. ಮಗಳಿಂದ ಪಾಠ ಹೇಳಿಸಿಕೊಳ್ಳುವ ಗತಿ ಬಂದಿಲ್ಲ ಎಂದು ತೊದಲಿದರಂತೆ.

ಒಂದು ಸಂಜೆ ರೈಲಿಳಿದು ನಾನು ಅಕ್ಕನ ಜೊತೆ ಅವರ ಮನೆಗೇ ಹೋದೆ. ಕಾಫಿ ಆಯಿತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಮ್ಮ ಜೋಡಿ ಗದೆ ತೆಗೆದುಕೊಂಡು ಅಪ್ಪನ ಎದುರು ನಿಂತು ತಿರುಗಿಸತೊಡಗಿದರು. ಉಸ್ತಾದರು ಮುಖ ತಿರುಗಿಸಿದರು. ನಾನು ನೋಡುತ್ತಿದ್ದೆ. ನೋಡನೋಡುತ್ತಾ ಏನೋ ಸರಿಯಿಲ್ಲ ಅನ್ನಿಸಿತು. ಅಕ್ಕನ ಮೊಣಕೈ ಹೊರಗೆ ಚಾಚಿಕೊಂಡಿತ್ತು. ಅದೇ ತಪ್ಪಿಗೆ ಅವರು ನನ್ನನ್ನು ಎಷ್ಟು ಬೈದಿದ್ದರು!

ಉಸ್ತಾದರು ಓರೆಗಣ್ಣಿನಲ್ಲಿ ನೋಡಿದರು. ಗಂಟಲಲ್ಲಿ ಒಂದು ಸದ್ದಾಯಿತು. ಅಕ್ಕ ಇನ್ನೂ ಕೆಟ್ಟದಾಗಿ ತಿರುಗಿಸಿದರು. ಗದೆ ಗದೆಗೆ ತಾಗಿ ಟಕ್ಕೆಂದಿತು.

"ಮೊಣ... ಮೊಣಕೈ," ಎಂದರು ಉಸ್ತಾದರು.

"ಏನಪ್ಪಾ? ತಿಳೀಲಿಲ್ಲ."

"ಮೊಣಕೈ ಕಣೇ!"

ಹೇಳುತ್ತಿದ್ದ ಹಾಗೆಯೇ ತೊಡೆಯ ಮೇಲೆ ಬಿದ್ದಿದ್ದ ಆ ಬಲಗೈ ಒಂದು ಗೇಣು ಮೇಲೆದ್ದಿತು. ಮಗಳ ಮೊಣಕೈಯನ್ನು ಒಳಕ್ಕೆ ತಳ್ಳಲು ಹೊರಟ ಕೈ ಅದು. ಗಾಳಿಯಲ್ಲಿ ನಡುಗಿ ಮತ್ತೆ ಬಿತ್ತು. ಮೂವರೂ ನೋಡಿದೆವು. ಅಕ್ಕ ಮಾತ್ರ ಗದೆ ನಿಲ್ಲಿಸಲಿಲ್ಲ. ಮುಖದಲ್ಲೂ ಏನೂ ತೋರಿಸಲಿಲ್ಲ.

"ಹಿಂಗಾ ಅಪ್ಪಾ?" ಎಂದು ಕೇಳಿ, ಮತ್ತೆ ತಪ್ಪಾಗಿಯೇ ತಿರುಗಿಸಿದರು.

ಅಂದಿನಿಂದ ಅದೇ ಅವರ ಉಪಾಯವಾಯಿತು. ದಿನಾ ಸಂಜೆಗೆ ಒಂದು ಹೊಸ ತಪ್ಪು ಬೇಕು. ಇವತ್ತು ಯಾವ ತಪ್ಪು ಮಾಡಲಿ ಹೇಳು ಎಂದು ರೈಲಿನಲ್ಲಿ ನನ್ನನ್ನೇ ಕೇಳುತ್ತಿದ್ದರು. ನಾವಿಬ್ಬರೂ ಯೋಚಿಸುತ್ತಿದ್ದೆವು. ಹಿಮ್ಮಡಿ ಎತ್ತುವುದು, ಸೊಂಟ ಬಿಗಿ ಹಿಡಿಯುವುದು, ಹಿಂದಕ್ಕೆ ಬಿಡಬೇಕಾದ ಗದೆಯನ್ನು ಪಕ್ಕಕ್ಕೆ ಬಿಡುವುದು. ಅಪ್ಪ ಕೂತಲ್ಲಿಂದ ಕೈ ಚಾಚಿದರೆ ಎಟುಕುವಷ್ಟು ದೂರದಲ್ಲಿ ಅಕ್ಕ ಮೊದಮೊದಲು ನಿಲ್ಲುತ್ತಿದ್ದರು. ಆಮೇಲೆ ಒಂದು ಹೆಜ್ಜೆ ಹಿಂದೆ, ಇನ್ನೂ ಒಂದು ಹೆಜ್ಜೆ. ತಿದ್ದಬೇಕಾದರೆ ಅವರು ಕಿಟಕಿಯ ಸರಳು ಹಿಡಿದು ಏಳಬೇಕು; ಎದ್ದ ಮೇಲೆ ನಡೆಯಬೇಕು. ಸಿಟ್ಟಿನಲ್ಲಿ ಅವರು ಎದ್ದರು. ಸಿಟ್ಟಿನಲ್ಲೇ ನಡೆದರು. ಅವರ ಬೆರಳು ಮಡಚಲು ಬಾರದಿದ್ದಾಗ ಅಕ್ಕ ತೂಕದ ಬಟ್ಟಿನ ಬಳೆಗೆ ಟವೆಲ್ ಪೋಣಿಸಿ, ಈ ಹಾಳಾದ್ದನ್ನು ಹೆಂಗೆ ಎತ್ತೋದು ಅಪ್ಪಾ ಎಂದು ಮುಂದಿಡುತ್ತಿದ್ದರು. ಅವರು ಟವೆಲ್ಲನ್ನು ಮುಂಗೈಗೆ ಸುತ್ತಿಕೊಂಡು ಎಳೆದು ತೋರಿಸುತ್ತಿದ್ದರು. ಬಟ್ಟು ಮೊದಲು ಕದಲಲಿಲ್ಲ. ಆಮೇಲೆ ನೆಲದ ಮೇಲೆ ಸರಿಯಿತು. ಒಂದು ದಿನ ನೆಲ ಬಿಟ್ಟಿತು.

ನೋಡಲು ಬಂದ ಶಿಷ್ಯರಿಗೆ ಉಸ್ತಾದರು ಹೇಳುತ್ತಿದ್ದುದು ಒಂದೇ: ನಮ್ಮ ಹುಡುಗಿಗೆ ಗದೆ ಹಿಡಿಯಲೂ ಬರುವುದಿಲ್ಲ, ಸ್ಕೂಲಿನಲ್ಲಿ ಏನು ಹೇಳಿಕೊಡುತ್ತಾಳೋ! ಪೈಲ್ವಾನರು ನಗುತ್ತಿದ್ದರು. ಅಕ್ಕ ಒಳಗೆ ಕಾಫಿ ಸೋಸುತ್ತಾ ಕೇಳಿಸಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ರೈಲಿನಲ್ಲಿ ಅವರು ಕೂರಲೇ ಇಲ್ಲ. ತುಮಕೂರಿನಿಂದ ಗುಬ್ಬಿಯ ತನಕ ಆ ಬಾಗಿಲಿಂದ ಈ ಬಾಗಿಲಿಗೆ ಓಡಾಡಿದರು. ಏನಾಯಿತು ಅಕ್ಕ ಎಂದು ನಾನು ಹಿಂದೆಯೇ ಹೋದೆ.

"ಸರಿಯಾಗಿ ಮಾಡೋದು ನಂಗೆ ಬರ್ತದೆ ಕಣಮ್ಮ," ಎಂದರು. "ಅದನ್ನ ಅಪ್ಪ ಒಂದಿನಾನೂ ನೋಡಿಲ್ಲ. ಈಗ ನೋಡ್ತಿರೋದು ಬರೀ ತಪ್ಪು. ನಾಳೆ ಅವ್ರಿಗೆ ಏನಾದ್ರೂ ಆದ್ರೆ, ಇವಳಿಗೆ ಏನೂ ಬರಲ್ಲ ಅಂತ್ಲೇ ತಿಳ್ಕೊಂಡು ಹೋಗ್ತಾರೆ."

ಹಾಗಾದರೆ ಒಂದೇ ಒಂದು ಸಲ ಸರಿಯಾಗಿ ತಿರುಗಿಸಿ ತೋರಿಸಿಬಿಡಿ ಎಂದೆ.

"ತೋರಿಸ್ಬಿಟ್ರೆ ಅವ್ರು ಯಾತಕ್ಕೆ ಏಳ್ತಾರೆ?"

ಅವತ್ತು ಶಾಲೆಯ ಮೈದಾನದಲ್ಲಿ ಅವರು ಒಬ್ಬರೇ ನಿಂತು ಗದೆ ತಿರುಗಿಸಿದ್ದು ನೆನಪಿದೆ. ಊಟದ ಬಿಡುವಿನಲ್ಲಿ, ಸುಡುವ ಬಿಸಿಲಿನಲ್ಲಿ, ಯಾರಿಗೂ ಅಲ್ಲದೆ... ಕಿಟಕಿಯಲ್ಲಿ ನಿಂತ ಹುಡುಗಿಯರು ಡಬ್ಬಿ ತೆರೆಯುವುದನ್ನೂ ಮರೆತಿದ್ದರು.

ವರ್ಷ ಕಳೆಯುವುದರೊಳಗೆ ಉಸ್ತಾದರು ಕೋಲೂರಿ ಬೀದಿಯ ತುದಿಯ ತನಕ ನಡೆಯುವಂತಾದರು. ಮಾತು ಬಹುಮಟ್ಟಿಗೆ ತಿಳಿಯಾಯಿತು. ಬಲಗೈಯಲ್ಲಿ ಲೋಟ ಎತ್ತಿ ಕುಡಿಯುತ್ತಿದ್ದರು. ತುಟಿಯ ಹತ್ತಿರ ಸ್ವಲ್ಪ ತುಳುಕುತ್ತಿತ್ತು, ಅಷ್ಟೇ. ನವರಾತ್ರಿ ಹತ್ತಿರ ಬಂದಾಗ, ಆಯುಧಪೂಜೆಗೆ ತಾವು ಗರಡಿಯಲ್ಲಿರಬೇಕು ಎಂದು ಹಠ ಹಿಡಿದರು. ಶಾಲೆಗೆ ದಸರಾ ರಜೆ. ನೀನೂ ಬಾ ಎಂದು ಅಕ್ಕ ಕರೆದರು. ಬೆಳಗಿನ ಮೊದಲ ಬಸ್ಸಿಗೆ ಮೂವರೂ ಕುಣಿಗಲ್ಲಿಗೆ ಹೊರಟೆವು. ದಾರಿಯುದ್ದಕ್ಕೂ ಅಕ್ಕ ಬಸ್ಸಿನ ಮುಂದಿನ ಸೀಟಿನ ಕಂಬಿಯನ್ನು ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು ಮಾಡುತ್ತಿದ್ದರು.

ಗರಡಿಯ ಮುಂದೆ ಸಗಣಿ ಸಾರಿಸಿ ರಂಗೋಲಿ ಹಾಕಿದ್ದರು. ಒಳಗಿಂದ ಸಾಂಬ್ರಾಣಿ ಹೊಗೆ ಬರುತ್ತಿತ್ತು. ಶಿಷ್ಯರೆಲ್ಲ ಬಂದು ಕಾಲು ಮುಟ್ಟಿದರು. ಉಸ್ತಾದರು ಕೋಲನ್ನು ಹೊರಗೇ ಬಿಟ್ಟು, ಒಬ್ಬರ ಭುಜ ಹಿಡಿದು, ತಗ್ಗು ಬಾಗಿಲಲ್ಲಿ ಕಷ್ಟಪಟ್ಟು ಬಗ್ಗಿ ಒಳಗೆ ಹೋದರು. ಅಕ್ಕ ಹೊಸಿಲಿನಿಂದ ಸ್ವಲ್ಪ ಈಚೆ, ಬೇವಿನ ಮರದ ಬುಡದಲ್ಲಿ ನಿಂತರು. ನಾನು ಪಕ್ಕದಲ್ಲಿ ನಿಂತೆ. ಮಂಗಳಾರತಿ ಆಯಿತು. ತಟ್ಟೆ ಹೊರಗೆ ಬಂತು, ನಾವು ಕಣ್ಣಿಗೆ ಒತ್ತಿಕೊಂಡೆವು. ಇನ್ನೇನು ಮುಗಿಯಿತು ಎನ್ನುವಾಗ ಒಳಗಿನಿಂದ ಉಸ್ತಾದರ ದನಿ ಕೇಳಿಸಿತು.

"ಒಳೀಕ್ ಬಾರವ್ವ."

ಪೈಲ್ವಾನರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಅಕ್ಕನ ಬೆನ್ನಿಗೆ ಕೈ ಹಾಕಿ ಮುಂದೆ ತಳ್ಳಿದೆ. ಅವರು ಕದಲಲಿಲ್ಲ.

"ಬ್ಯಾಡ ಅಪ್ಪಾ," ಎಂದರು. "ನಿಂತೂ ನಿಂತೂ ನಂಗೆ ಆಚೇನೇ ಅಭ್ಯಾಸ ಆಗೋಗದೆ. ನಿನ್ನ ಗದೆ ಆಚೆ ಕಳ್ಸು."

ಆಮೇಲೆ ಇಬ್ಬರು ಹುರಿಯಾಳುಗಳು ಬಗ್ಗಿ ಹೊರಬಂದರು, ಒಬ್ಬೊಬ್ಬರ ಎದೆಗೆ ಒಂದೊಂದು ಗದೆ. ಉಸ್ತಾದರ ಸ್ವಂತ ಜೋಡಿ. ಎಣ್ಣೆ ಕುಡಿದು ಕಪ್ಪಾಗಿದ್ದವು, ಈಗಷ್ಟೇ ಇಟ್ಟ ಕುಂಕುಮ ಇನ್ನೂ ಹಸಿಯಾಗಿತ್ತು. ಅವರ ಹಿಂದೆ ಉಸ್ತಾದರೂ ಬಂದು ಹೊಸಿಲಿನ ಮೇಲೆ ಕೂತರು.

ಅಕ್ಕ ಸೀರೆಯನ್ನು ಕಚ್ಚೆಯ ಹಾಗೆ ಬಿಗಿದು ಕಟ್ಟಿದರು. ಗದೆಗಳಿಗೆ ನಮಸ್ಕಾರ ಮಾಡಿ ಎತ್ತಿದರು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಮೊದಲ ಸುತ್ತು ನಿಧಾನ, ಬಲಗದೆ ಹೆಗಲ ಹಿಂದೆ ಇಳಿದು ಬೆನ್ನು ಸವರಿ ಮೇಲೆದ್ದಿತು. ಅದು ಬರುವಾಗ ಎಡದ್ದು ಹೋಯಿತು. ಆಮೇಲೆ ಎರಡೂ ಸೇರಿಕೊಂಡವು. ಮೊಣಕೈ ಎಲ್ಲಿರಬೇಕೋ ಅಲ್ಲಿ, ಹಿಮ್ಮಡಿ ನೆಲದಲ್ಲಿ. ಅಷ್ಟು ಭಾರದ ಮರ ಗಾಳಿ ಸೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಗದೆಯನ್ನು ನೋಡಲಿಲ್ಲ, ಉಸ್ತಾದರ ಬಲಗೈ ನೋಡುತ್ತಿದ್ದೆ. ಅದು ಮಂಡಿಯ ಮೇಲೆ ಇಟ್ಟಲ್ಲೇ ಇತ್ತು. ತಿದ್ದಲು ಒಮ್ಮೆಯೂ ಏಳಲಿಲ್ಲ.

ಅಕ್ಕ ಗದೆ ಇಳಿಸಿ ಏದುಸಿರು ಬಿಡುತ್ತಾ ಅಪ್ಪನ ಎದುರು ನಿಂತರು. ಉಸ್ತಾದರು ಮೆಲ್ಲಗೆ ಹೇಳಿದರು:

"ಮೊದಲ್ನೇ ದಿನ್ಲೇ ಗೊತ್ತಾಯ್ತು ಕಣವ್ವ. ಅಂಥಾ ತಪ್ಪು, ಚೆನ್ನಾಗಿ ಕಲ್ತೋರಿಗೇ ಬರೋದು."

ಅಕ್ಕ ಅಳುತ್ತಾರೆ, ಅಪ್ಪನನ್ನು ತಬ್ಬಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಅಳಲಿಲ್ಲ.

"ಮತ್ತೆ ಅವತ್ತು ಬಾಗ್ಲು ಯಾಕಪ್ಪಾ ಹಾಕ್ಕೊಂಡೆ?"

ಉಸ್ತಾದರು ನೆಲ ನೋಡಿದರು. ಮೀಸೆಯ ಇಳಿಬಿದ್ದ ತುದಿ ಅಲುಗಿತು. ಅವರು ಏನೂ ಹೇಳಲಿಲ್ಲ...

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾವಿಬ್ಬರೇ. ಉಸ್ತಾದರು ಅಲ್ಲೇ ಉಳಿದರು. ಅಕ್ಕನಿಗೆ ಸಂತೋಷವಾಗಿರಬೇಕು ಎಂದು ನಾನು ಏನೇನೋ ಮಾತಾಡಿದೆ. ಅವರು ನಡುವೆ ತಡೆದು, ಗೊತ್ತಿತ್ತಂತೆ ಎಂದರು. ಸ್ವಲ್ಪ ದೂರ ಹೋದ ಮೇಲೆ ಮತ್ತೆ, ಗೊತ್ತಿತ್ತಂತೆ ಕಣಮ್ಮ ಎಂದರು. ಅಷ್ಟು ಚೆನ್ನಾಗಿ ಗೊತ್ತಾಗುವವರಿಗೆ ಅಷ್ಟು ವರ್ಷ ಯಾಕೆ ಗೊತ್ತಾಗಲಿಲ್ಲ ಎಂಬ ಪ್ರಶ್ನೆ ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಸಿಕ್ಕಿದ್ದು ಸಣ್ಣದಲ್ಲ ಎಂದು ಅವರಿಗೂ ಗೊತ್ತಿತ್ತು. ಆದರೆ ಸಿಕ್ಕಿದ್ದರಿಂದಲೇ ಸಿಗದೆ ಹೋದದ್ದು ಎಷ್ಟೆಂದು ಕಂಡುಬಿಟ್ಟಿತ್ತು. ತುಮಕೂರು ಬರುವ ಮೊದಲೇ, ಊರ ಹೊರಗೆ ಬಸ್ಸು ನಿಂತಾಗ ಇಳಿದುಬಿಟ್ಟರು. ನಡೆದು ಬರುತ್ತೇನೆ ಎಂದರು. ನಾನೂ ಇಳಿದೆ. ಇಬ್ಬರೂ ಬಿರಬಿರನೆ ನಡೆದು ಚಿಕ್ಕಪೇಟೆ ಸೇರಿದೆವು.

ಮುಂದಿನ ವರ್ಷ ಅವರೇ ಕೇಳಿಕೊಂಡು ಕುಣಿಗಲ್ಲಿನ ಶಾಲೆಗೆ ವರ್ಗ ಮಾಡಿಸಿಕೊಂಡರು. ಒಮ್ಮೆ ನೋಡಲು ಹೋಗಿದ್ದೆ. ಬೆಳಿಗ್ಗೆ ಗರಡಿಯ ಮುಂದಿನ ಬಯಲಲ್ಲಿ ಹೆಣ್ಣುಮಕ್ಕಳು ಸಾಲಾಗಿ ನಿಂತು ಗದೆ ತಿರುಗಿಸುತ್ತಿದ್ದರು. ಕೆಲವರು ಲಂಗ ದಾವಣಿಯಲ್ಲಿ, ಕೆಲವರು ಯೂನಿಫಾರ್ಮಿನಲ್ಲಿ. ಗರಡಿಯ ಬಾಗಿಲು ತೆರೆದಿತ್ತು. ಉಸ್ತಾದರು ಬೇವಿನ ಬುಡದಲ್ಲಿ ಚಾಪೆ ಹಾಕಿಸಿಕೊಂಡು ಕೂತು, ತಪ್ಪು ಮಾಡಿದವರನ್ನು ಕೋಲಿನಿಂದ ತೋರಿಸಿ ಬೈಯುತ್ತಿದ್ದರು. ಅಪ್ಪ ಮಗಳು ಆ ಬಾಗಿಲ ಮಾತನ್ನು ಮತ್ತೆಂದಾದರೂ ಆಡಿದರೋ ಇಲ್ಲವೋ ನಾನು ಕೇಳಲಿಲ್ಲ.

ಆಮೇಲೆ ನನಗೆ ರಾಯಚೂರಿನ ಕಡೆ ಕೆಲಸ ಸಿಕ್ಕಿತು. ಮಗ ಹುಟ್ಟಿದ. ಎಂಬತ್ತರ ದಶಕದ ನಡುವೆ ಒಂದು ಸಲ ಅತ್ತೆ ಮಾವನನ್ನು ನೋಡಲು ಬಂದಿದ್ದಾಗ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ಸಿಕ್ಕಿದರು. ಕುಣಿಗಲ್ ಬಸ್ಸು ಹೊರಡುವುದರಲ್ಲಿತ್ತು. ನನ್ನ ಕಂಕುಳಿಂದ ಮಗುವನ್ನು ಎತ್ತಿಕೊಂಡು ಎರಡೂ ಅಂಗೈ ಮೇಲೆ ತೂಗಿ ನೋಡಿದರು. ನನ್ನ ಮುಖ ನೋಡಿ ನಕ್ಕರು. ಕಂಡಕ್ಟರ್ ಸೀಟಿ ಊದಿದ. ಮಗುವನ್ನು ನನಗೆ ಕೊಟ್ಟು ಓಡಿ ಬಸ್ಸು ಹತ್ತಿದರು. ಅದೇ ಕೊನೆ. ಅವರು ಅಲ್ಲಿ, ನಾನು ಇಲ್ಲಿ, ಊರೂರು ವರ್ಗ, ಮಕ್ಕಳು, ಮನೆ... ಹೀಗೆಯೇ ಅಲ್ಲವೇ ಜನ ಕೈತಪ್ಪಿ ಹೋಗುವುದು. ಜಗಳವಿಲ್ಲ, ಕಾರಣವಿಲ್ಲ.

ಆ ಕಾಫಿ ಲೋಟದ ಬೆಳಿಗ್ಗೆಯ ನಂತರ ನಾನು ಹಳೇ ಸಹೋದ್ಯೋಗಿಗಳಿಗೆಲ್ಲ ಫೋನ್ ಮಾಡಿದೆ. ಕೆಲವರಿಗೆ ನನ್ನ ನೆನಪೇ ಇರಲಿಲ್ಲ. ಯಾರಿಗೂ ಅಕ್ಕನ ಸುದ್ದಿ ತಿಳಿದಿರಲಿಲ್ಲ. ಕೊನೆಗೆ ಹೆಗಲು ಸ್ವಲ್ಪ ಹಗುರಾದ ಮೇಲೆ ಬಸ್ಸು ಹತ್ತಿ ಒಬ್ಬಳೇ ಕುಣಿಗಲ್ಲಿಗೆ ಹೋದೆ. ಬೀದಿಯನ್ನು ಹುಡುಕಲು ಸಾಕುಸಾಕಾಯಿತು. ಗರಡಿ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ, ಬೇಕರಿ, ಮೇಲೊಂದು ಟ್ಯೂಷನ್ ಸೆಂಟರು. ಮರವೂ ಇಲ್ಲ. ಎದುರಿಗೆ ಹೂ ಕಟ್ಟುತ್ತಾ ಕೂತಿದ್ದ ಹೆಂಗಸನ್ನು ಕೇಳಿದೆ. ಐವತ್ತರ ಮೇಲಿನ ವಯಸ್ಸು. ನಾನು ಮಾತು ಮುಗಿಸುವ ಮೊದಲೇ ಆಕೆ ಹೂವನ್ನು ಬುಟ್ಟಿಗೆ ಹಾಕಿ ಎದ್ದು ನಿಂತರು.

ಟೀಚರು ಹೋಗಿ ಮೂರು ವರ್ಷವಾಯಿತಂತೆ. ಉಸ್ತಾದರು ಯಾವಾಗಲೋ ಹೋಗಿದ್ದರು. ರಿಟೈರಾದ ಮೇಲೂ ಟೀಚರು ತಮ್ಮ ಮನೆಯ ಮಹಡಿಯ ಮೇಲೆ ಮಕ್ಕಳಿಗೆ ಹೇಳಿಕೊಡುತ್ತಿದ್ದರಂತೆ. ಅವತ್ತೂ ಬೆಳಿಗ್ಗೆ ಹೇಳಿಕೊಟ್ಟು, ಸ್ನಾನ ಮಾಡಿ, ತಲೆ ಒಣಗಿಸಿಕೊಳ್ಳುತ್ತಾ ಕೂತವರು ಏಳಲಿಲ್ಲ. ಒಂದಿನಾನೂ ಕೂತಿದ್ದು ನೋಡಿರ್ಲಿಲ್ಲ ಕಣಮ್ಮ ಅವ್ರನ್ನ, ಅದಕ್ಕೇ ಪಕ್ಕದ ಮನೆಯವರಿಗೆ ಅನುಮಾನ ಬಂತು ಎಂದು ಹೇಳಿ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಅವರ ಹತ್ತಿರ ಕಲಿತವಳೇ ಎಂದರು. ಆಮೇಲೆ ನನ್ನನ್ನು ದಿಟ್ಟಿಸಿ ನೋಡಿ ಕೇಳಿದರು:

"ನೀವು ಅವ್ರಿಗೆ ಏನಾಗ್ಬೇಕು?"

ಜೊತೆಯಲ್ಲಿ ಕೆಲಸ ಮಾಡುತ್ತಿದ್ದೆವು ಎಂದೆ. ಬಾಯಿಗೆ ಬಂದಿದ್ದು ಅದೊಂದೇ. ಆಕೆ ತಲೆಯಾಡಿಸಿ ಒಂದು ಮೊಳ ಹೂ ಕೈಗಿತ್ತರು, ಬೇಡವೆಂದರೂ ಬಿಡಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಕೆರೆ ಏರಿಯ ಕಡೆ ನಡೆದೆ. ಕೂರೋಣವೆಂದು ಒಂದು ಕಲ್ಲು ನೋಡಿ ಕೂತೆ, ಆಗಲಿಲ್ಲ, ಎದ್ದೆ. ಏರಿಯ ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ. ಮುಡಿಯಲು ಮನಸ್ಸು ಬಾರದ ಹೂವು ಕೈಯಲ್ಲೇ ಬಾಡುತ್ತಿತ್ತು. ತುಮಕೂರಿನ ಬಸ್ಸೊಂದು ಬಂತು, ನಿಂತು, ಹೋಯಿತು. ನನ್ನಿಂದ ಹತ್ತಲಾಗಲಿಲ್ಲ. ಅಲ್ಲೇ ನಡೆಯುತ್ತಾ ಉಳಿದೆ.